ನಿಂತ ಬಂಡಿಯ ಹೊಣೆ

ಬೆಂಗಳೂರಿನ ದಕ್ಷಿಣ ಭಾಗವನ್ನು ಸಮತಟ್ಟಾದ ನೆಲವೆಂದು ಭಾವಿಸುವವರು ಅನೇಕರು. ಆದರೆ ಬಸವನಗುಡಿಯ ಏರುನೆಲದ ಮೇಲೆ ಬಿದ್ದ ಮಳೆಯ ನೀರು ಪಶ್ಚಿಮಕ್ಕೆ ಹೊರಳಿದರೆ ವೃಷಭಾವತಿಯಾಗಿ ಹರಿದು, ಅರ್ಕಾವತಿಯನ್ನು ಕೂಡಿ ಕಾವೇರಿಯನ್ನು ಸೇರುತ್ತದೆಂಬುದನ್ನೂ, ಅದೇ ನೀರು ಪೂರ್ವಕ್ಕೆ ಹೊರಳಿದರೆ ಕೋರಮಂಗಲ ಕಣಿವೆಯ ಕೆರೆಕಾಲುವೆಗಳನ್ನು ಹಿಡಿದು ದಕ್ಷಿಣ ಪಿನಾಕಿನಿಯನ್ನು ಮುಟ್ಟುತ್ತದೆಂಬುದನ್ನೂ ನೆನೆದರೆ, ಈ ಭಾಗದ ಬಡಾವಣೆಗಳ ಅಡ್ಡರಸ್ತೆಗಳು ಬಹುಮಟ್ಟಿಗೆ ಯಾವುದಾದರೊಂದು ಕಣಿವೆಯ ಕಡೆಗೆ ಬಾಗಿಯೇ ಇವೆಯೆಂಬುದು ಮನಸ್ಸಿಗೆ ಬಾರದಿರದು. ಜಯನಗರದ ರಾಗಿಗುಡ್ಡದ ಬುಡದಿಂದ ಇಳಿಯುವ ಬೀದಿಗಳು, ಬನಶಂಕರಿಯ ಏರುತಗ್ಗುಗಳು, ಜೆ.ಪಿ. ನಗರದಿಂದ ಸಾರಕ್ಕಿ ಕೆರೆಯ ಕಡೆಗೂ ಬಿ.ಟಿ.ಎಂ. ಬಡಾವಣೆಯಿಂದ ಮಡಿವಾಳದ ಕೆರೆಯ ಕಡೆಗೂ ತಗ್ಗುತ್ತ ಹೋಗುವ ನೆಲ, ಇವೆಲ್ಲವೂ ಬೆಳಗಿನ ವಾಯುವಿಹಾರಕ್ಕೆ ಹೊರಟವರ ಕಾಲಿಗೆ ತಿಳಿಯದಷ್ಟು ಸೌಮ್ಯವಾದ ಇಳಿಜಾರುಗಳಾಗಿದ್ದರೂ, ಮನೆಯ ಮುಂದೆ ನಿಲ್ಲಿಸಿ ಬಿಟ್ಟ ಬಂಡಿಗೆ ಚೆನ್ನಾಗಿಯೇ ತಿಳಿಯುತ್ತವೆ.

ಓಡುವ ಬಂಡಿಗೆ ಚಾಲಕನ ಕಣ್ಣೂ ಕಾಲೂ ಉಂಟು. ನಿಂತ ಬಂಡಿಗೆ ಅವೆರಡೂ ಇಲ್ಲ. ಆ ಹೊತ್ತಿನಲ್ಲಿ ಅದರ ಹೊಣೆಯನ್ನೆಲ್ಲ ಹೊರತಕ್ಕದ್ದು ಹ್ಯಾಂಡ್ ಬ್ರೇಕು. ಅದರ ಹಿಡಿಗೂ ಬ್ರೇಕಿಗೂ ನಡುವೆ ಇರತಕ್ಕ ಸಂಬಂಧವಾದರೋ, ಕಿರುಬೆರಳಿಗಿಂತಲೂ ಸಪುರವಾದ ಒಂದು ಕೇಬಲ್ಲು. 1988ರ ಮೋಟಾರು ವಾಹನ ಕಾಯಿದೆಯ 126ನೆಯ ಪ್ರಕರಣವು, ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ನಿಲ್ಲಿಸುವಾತನು ಪರವಾನಗಿಯುಳ್ಳ ಒಬ್ಬರನ್ನು ಚಾಲಕನ ಸ್ಥಾನದಲ್ಲಿ ಇರಿಸಿರಬೇಕು, ಇಲ್ಲವೇ ಯಂತ್ರವನ್ನು ನಿಲ್ಲಿಸಿ ಬ್ರೇಕನ್ನು ಹಾಕಿಯೋ ಬೇರೆ ತಕ್ಕ ಕ್ರಮವನ್ನು ಕೈಗೊಂಡೋ, ಚಾಲಕನಿಲ್ಲದ ವೇಳೆಯಲ್ಲಿ ಅದು ಅಕಸ್ಮಾತ್ತಾಗಿ ಚಲಿಸದಂತೆ ಮಾಡಿರಬೇಕೆಂದು ವಿಧಿಸುತ್ತದೆ. ಶಾಲೆಯಿಂದ ಮಕ್ಕಳು ನಡೆದು ಬರುವ, ತರಕಾರಿಯ ತಳ್ಳುಗಾಡಿಗಳು ನಿಲ್ಲುವ, ಮುದುಕರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುವ ಬೀದಿಗಳಲ್ಲಿ ಈ ವಿಧಿಯು ಬರಿಯ ಕಾನೂನಲ್ಲ, ನೆರೆಹೊರೆಯ ಧರ್ಮವೂ ಹೌದು. ಹಳೆಯ ಟ್ರಕ್ಕನ್ನೋ ಜೀಪನ್ನೋ ಪ್ರೀತಿಯಿಂದ ಇಟ್ಟುಕೊಂಡವರು ಈ ಧರ್ಮವನ್ನು ಪಾಲಿಸುವ ಬಗೆ ಯಾವುದೆಂಬುದೇ ಈ ಲೇಖನದ ವಿಷಯ.

ಬಡಾವಣೆಯ ವಯಸ್ಸಿನ ಬಂಡಿ

ಚಕ್ರವರ್ತಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದ್ದು 1948ರಲ್ಲಿ. 1945ರಲ್ಲಿ ಲೂಧಿಯಾನದಲ್ಲಿ ಹುಟ್ಟಿದ್ದ ಮಹೀಂದ್ರಾ ಸಂಸ್ಥೆಯು ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪುಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲು ತೊಡಗಿದ್ದೂ ಅದೇ ದಶಕದ ಕೊನೆಯಲ್ಲಿ. ಅವುಗಳ ಜೊತೆಗೆ ಪ್ರೀಮಿಯರ್ ಸಂಸ್ಥೆಯ ಡಾಡ್ಜ್ ಮತ್ತು ಫಾರ್ಗೋ ಲಾರಿಗಳು, 1954ರಿಂದ ಟಾಟಾ-ಮರ್ಸಿಡಿಸ್ ಲಾರಿಗಳು, 1965ರಿಂದ ಮಹೀಂದ್ರಾದ ಎಫ್‌ಸಿ-150 ಎಂಬ ಮೊಂಡುಮೂತಿಯ ಚಿಕ್ಕ ಟ್ರಕ್ಕು, ಹೀಗೆ ಒಂದೊಂದಾಗಿ ನಮ್ಮ ರಸ್ತೆಗಳಿಗೆ ಬಂದವು. ಇವುಗಳಲ್ಲಿ ವಿಲ್ಲಿಸ್ ವಂಶದ ಬಂಡಿಗಳಿಗೆ ಕರ್ನಾಟಕದಲ್ಲಿ ಪ್ರತ್ಯೇಕವಾದ ಪ್ರೀತಿಯುಂಟು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳ ಕೆಸರುದಾರಿಗಳಲ್ಲಿ ಆಳುಗಳನ್ನೂ ಗೊಬ್ಬರದ ಮೂಟೆಗಳನ್ನೂ ಹೊತ್ತು ದುಡಿದ ಈ ಬಂಡಿಗಳ ಪೈಕಿ ಕೆಲವು, ತೋಟದವರ ಮಕ್ಕಳು ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಾಗ ಅವರ ಹಿಂದೆಯೇ ಬಂದು ಇಲ್ಲಿನ ಹೊಂಗೆ ಮರಗಳ ನೆರಳಿನಲ್ಲಿ ನಿಂತಿವೆ.

ಇವುಗಳ ಕಾಲಿನ ಬ್ರೇಕು ದ್ರವದ ಒತ್ತಡದಿಂದ ನಡೆಯುತ್ತದೆ. ಪೆಡಲನ್ನು ಒತ್ತಿದಷ್ಟು ಹೊತ್ತು ಮಾತ್ರ ಆ ಒತ್ತಡವುಂಟು. ಕಾಲು ತೆಗೆದೊಡನೆ ಅದು ಇಳಿಯುತ್ತದೆ. ಆದಕಾರಣ ರಾತ್ರಿಯೆಲ್ಲ ಬಂಡಿಯನ್ನು ಹಿಡಿದಿರತಕ್ಕ ಸಾಧನವು ದ್ರವವನ್ನು ನಂಬದೆ, ಲೋಹವು ಲೋಹವನ್ನು ಎಳೆದು ಹಿಡಿಯುವ ಶುದ್ಧ ಯಾಂತ್ರಿಕ ಕ್ರಮವನ್ನೇ ನಂಬಬೇಕಾಗುತ್ತದೆ. ಜೀಪಿನ ಬಗೆಯ ಬಂಡಿಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಅಡ್ಡಹಿಡಿಯಿರುತ್ತದೆ. ಅದನ್ನು ಎಳೆದರೆ ಕೇಬಲ್ಲು ಎಂಜಿನ್ನಿನ ಮಗ್ಗುಲಿನ ತಡೆಗೋಡೆಯನ್ನು ದಾಟಿ, ಚಾಸಿಸ್ಸಿನ ಒಳಮೈಯನ್ನು ಹಿಡಿದು ಹೋಗಿ, ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿರುವ ಒಂದು ಚಿಕ್ಕ ಲಿವರನ್ನು ಜಗ್ಗುತ್ತದೆ.

ಹುರಿಯ ಬಲ, ಕವಚದ ಬಲ

ಈ ಕೇಬಲ್ಲಿನಲ್ಲಿ ಎರಡು ಶೋಧನೆಗಳು ಒಂದಾಗಿವೆ. ಮೊದಲನೆಯದು ಉಕ್ಕಿನ ತಂತಿಗಳನ್ನು ಹುರಿಗೊಳಿಸಿ ಹಗ್ಗ ಮಾಡುವ ವಿದ್ಯೆ. ಜರ್ಮನಿಯ ಹಾರ್ಟ್ಸ್ ಪರ್ವತಪ್ರದೇಶದ ಕ್ಲೌಸ್ಟಾಲಿನ ಗಣಿಗಳಲ್ಲಿ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಆಲ್ಬರ್ಟನು, ಒಂದು ಕೊಂಡಿ ಮುರಿದರೆ ಸುಳಿವೇ ಇಲ್ಲದೆ ಇಡಿಯಾಗಿ ಕೈಕೊಡುತ್ತಿದ್ದ ಕಬ್ಬಿಣದ ಸರಪಳಿಗೆ ಬದಲಾಗಿ 1834ರಲ್ಲಿ ತಂತಿಹಗ್ಗವನ್ನು ಬಳಕೆಗೆ ತಂದನು. ತೇರಿನ ಮಿಣಿಯಲ್ಲಿ ಒಂದು ಎಳೆ ಹರಿದರೂ ಉಳಿದ ಎಳೆಗಳು ಅದರ ಪಾಲಿನ ಭಾರವನ್ನು ಹಂಚಿಕೊಂಡು ತೇರನ್ನು ನಡೆಸುವಂತೆ, ತಂತಿಹಗ್ಗದಲ್ಲಿಯೂ ತಂತಿತಂತಿಗಳ ನಡುವಿನ ಘರ್ಷಣೆಯೇ ಹರಿದ ತಂತಿಯ ಹೊರೆಯನ್ನು ನೆರೆಯ ತಂತಿಗಳಿಗೆ ವರ್ಗಾಯಿಸುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಮನುಷ್ಯರನ್ನು ಇಳಿಸಿ ಏರಿಸುತ್ತಿದ್ದದ್ದೂ ಇದೇ ವಿದ್ಯೆಯ ಫಲವಾದ ಉಕ್ಕಿನ ಹಗ್ಗವೇ. ಹಗ್ಗವು ಸೋಲುವ ಮುನ್ನ ಸೂಚನೆ ಕೊಡುತ್ತದೆಂಬುದೇ ಇದರ ದೊಡ್ಡ ಗುಣ. ಒಡೆದ ತಂತಿಯ ಮೊನೆಗಳು ಮೇಲೆದ್ದು ನಿಂತು, ನೋಡುವ ಕಣ್ಣಿಗೆ ಎಚ್ಚರಿಕೆ ಹೇಳುತ್ತವೆ.

ಎರಡನೆಯದು ಅರ್ನೆಸ್ಟ್ ಮೊನಿಂಗ್‌ಟನ್ ಬೌಡೆನ್ ಎಂಬಾತನು 1896ರಲ್ಲಿ ಹಕ್ಕುಪತ್ರ ಪಡೆದ ಕವಚದ ಕಲ್ಪನೆ. ಬರಿಯ ಹಗ್ಗವು ನೇರವಾಗಿ ಮಾತ್ರ ಎಳೆಯಬಲ್ಲುದು; ಬಾಗಬೇಕಾದಲ್ಲಿ ರಾಟೆ ಬೇಕು. ಬೌಡೆನ್ನನು ಹಗ್ಗವನ್ನು ಸುರುಳಿತಂತಿಯ ಕೊಳವೆಯೊಂದರೊಳಗೆ ಹಾಯಿಸಿ, ಆ ಕೊಳವೆಯ ಎರಡು ತುದಿಗಳನ್ನೂ ಭದ್ರವಾಗಿ ಬಿಗಿದನು. ಒಳಗಿನ ತಂತಿಯು ಎಷ್ಟು ಬಲದಿಂದ ಎಳೆಯಲ್ಪಡುತ್ತದೆಯೋ ಅಷ್ಟೇ ಬಲದಿಂದ ಹೊರಗಿನ ಕವಚವು ಅದುಮಲ್ಪಡುತ್ತದೆ. ಒಂದರ ಎಳೆತವೂ ಇನ್ನೊಂದರ ಅದುಮುವಿಕೆಯೂ ಸಮನಾಗಿ ನಿಂತಾಗ, ಎಳೆತವು ಯಾವ ತಿರುವಿನಲ್ಲಿಯಾದರೂ ನುಸುಳಿ ಗುರಿಯನ್ನು ಮುಟ್ಟುತ್ತದೆ. ಸೈಕಲ್ಲಿನ ಬ್ರೇಕಿನಲ್ಲಿಯೂ ಆಟೋರಿಕ್ಷಾದ ಕ್ಲಚ್ಚಿನಲ್ಲಿಯೂ ನಡೆಯುತ್ತಿರುವುದು ಇದೇ ವ್ಯಾಪಾರ. ಗ್ಯಾರೇಜಿನವರು ಇನ್ನರ್, ಔಟರ್ ಎಂದು ಕರೆಯುವ ಈ ಎರಡು ಅಂಗಗಳಲ್ಲಿ ಔಟರನ್ನು ಬರಿಯ ಹೊದಿಕೆಯೆಂದು ಭಾವಿಸುವುದು ಸಲ್ಲದು. ಅದರ ತುದಿಯ ಕ್ಲಾಂಪು ಸಡಿಲವಾದರೆ ಹೊಸ ಇನ್ನರ್ ಇದ್ದರೂ ಬ್ರೇಕು ಹಿಡಿಯಲಾರದು. ಕೈಯ ಬಲವೆಲ್ಲ ಕವಚವನ್ನು ಜರುಗಿಸುವುದರಲ್ಲಿಯೇ ವ್ಯಯವಾಗುತ್ತದೆ.

ಕೇಬಲ್ಲಿನ ಪ್ರತಿಯೊಂದು ಬಾಗೂ ಘರ್ಷಣೆಯ ಸುಂಕವನ್ನು ವಸೂಲು ಮಾಡುತ್ತದೆ. ಈ ಸುಂಕವು ಬಾಗುಗಳ ಕೋನಗಳ ಒಟ್ಟು ಮೊತ್ತವನ್ನು ಅನುಸರಿಸಿ, ಚಕ್ರಬಡ್ಡಿಯ ರೀತಿಯಲ್ಲಿ ಏರುತ್ತದೆ. ತುಕ್ಕು ಹಿಡಿದ ಕೇಬಲ್ಲಿನಲ್ಲಿ ಕೈಯ ಬಲದ ಅರ್ಧಕ್ಕಿಂತ ಹೆಚ್ಚು ಪಾಲು ದಾರಿಯಲ್ಲಿಯೇ ಕರಗಿಹೋಗುವುದು ಅಸಂಭವವಲ್ಲ. ಹೊಸ ಕೇಬಲನ್ನು ಹಾಯಿಸುವಾಗ ಹಳೆಯದರ ದಾರಿಯನ್ನೇ ಬಿಡದೆ ಅನುಸರಿಸಬೇಕೆಂಬ ನಿಯಮದ ಮರ್ಮ ಇದು.

ಹಿಡಿತದ ಸ್ಥಾನ

ಇಂದಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳನ್ನು ಹಿಡಿಯುತ್ತದೆ. ವಿಲ್ಲಿಸ್ ವಂಶದ ಹಳೆಯ ಬಂಡಿಗಳಲ್ಲಿ ಅದು ಗಾಲಿಯನ್ನಲ್ಲ, ಗಾಲಿಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಚಿಕ್ಕ ಡ್ರಮ್ಮು. ಅದರೊಳಗೆ ಎರಡು ಶೂಗಳು. 1,500 ಕಿಲೋ ತೂಕದ ಬಂಡಿಯೊಂದು ಐದು ಅಡಿಗೆ ಒಂದು ಅಡಿಯಂತೆ ಏರುವ ಇಳಿಜಾರಿನಲ್ಲಿ ನಿಂತರೆ, ಅದನ್ನು ಕೆಳಕ್ಕೆ ಸೆಳೆಯುವ ಬಲವು ಸುಮಾರು 300 ಕಿಲೋ ತೂಕದಷ್ಟಾಗುತ್ತದೆ. ಅಷ್ಟನ್ನು ಆ ಚಿಕ್ಕ ಡ್ರಮ್ಮು ತಡೆಯುವುದು ಹೇಗೆಂದರೆ, ಈ ಬಂಡಿಗಳ ಹಿಂದಿನ ಆಕ್ಸಲ್ಲಿನಲ್ಲಿ ಗಾಲಿ ಒಂದು ಸುತ್ತು ಸುತ್ತಬೇಕಾದರೆ ಶಾಫ್ಟು ಐದೂಕಾಲು ಸುತ್ತಿಗೂ ಮಿಕ್ಕಿ ಸುತ್ತಬೇಕು. ಆಕ್ಸಲ್ಲಿನ ಹಲ್ಲುಗಳ ಅನುಪಾತ 43ಕ್ಕೆ 8. ಅಂದರೆ ಶಾಫ್ಟನ್ನು ಹಿಡಿದ ಬಲವು ಗಾಲಿಯಲ್ಲಿ ಐದು ಪಟ್ಟಿಗೂ ಮಿಕ್ಕಿ ಹೆಚ್ಚಿ ತೋರುತ್ತದೆ. ಅಲ್ಪ ಸಾಧನದಿಂದ ಅಧಿಕ ಫಲವನ್ನು ಪಡೆಯುವ ಈ ಉಪಾಯವು ಆ ಕಾಲದ ಎಂಜಿನಿಯರುಗಳ ವಿವೇಕಕ್ಕೆ ಸಾಕ್ಷಿಯಾಗಿದೆ.

ಆದರೆ ಈ ಉಪಾಯಕ್ಕೆ ಮಿತಿಗಳೂ ಉಂಟು. ಅವನ್ನು ಅರಿಯದವನು ಬಂಡಿಯ ಕೆಳಗೆ ನುಸುಳಬಾರದು. ಶಾಫ್ಟು ಹಿಡಿಯಲ್ಪಟ್ಟಿದ್ದರೂ, ಹಿಂದಿನ ಒಂದು ಗಾಲಿಯನ್ನು ಜಾಕಿಯಿಂದ ಎತ್ತಿದೊಡನೆ, ಡಿಫರೆನ್ಷಿಯಲ್ಲಿನ ಸ್ವಭಾವದಿಂದಾಗಿ ಎತ್ತಿದ ಗಾಲಿಯು ಒಂದು ದಿಕ್ಕಿಗೂ ನೆಲದ ಮೇಲಿನ ಗಾಲಿಯು ಇನ್ನೊಂದು ದಿಕ್ಕಿಗೂ ತಿರುಗಲು ಸ್ವತಂತ್ರವಾಗುತ್ತವೆ. ಬ್ರೇಕು ಬಿಗಿಯಾಗಿರುವಾಗಲೇ ಬಂಡಿಯು ಉರುಳುತ್ತದೆ. ಶಾಫ್ಟನ್ನು ಬಿಚ್ಚಿದಾಗಲೂ ಹಾಗೆಯೇ, ಹ್ಯಾಂಡ್ ಬ್ರೇಕೆಂಬುದು ಇಲ್ಲವೆಂದೇ ತಿಳಿಯಬೇಕು. ಬಂಡಿಯು ಓಡುತ್ತಿರುವಾಗ ಈ ಬ್ರೇಕನ್ನು ಎಳೆದರೆ ಶಾಫ್ಟಿನ ಕೀಲುಗಳ ಮೇಲೆಯೂ ಆಕ್ಸಲ್ಲಿನ ಹಲ್ಲುಗಳ ಮೇಲೆಯೂ ಅಸಾಧ್ಯವಾದ ಹೊಡೆತ ಬೀಳುತ್ತದೆ. ಇದು ನಿಂತ ಬಂಡಿಯನ್ನು ನಿಲ್ಲಿಸಿಯೇ ಇಡುವುದಕ್ಕಾಗಿ ಹುಟ್ಟಿದ ಬ್ರೇಕು. ಓಟವನ್ನು ತಡೆಯುವುದು ಇದರ ಕೆಲಸವಲ್ಲ.

ಸೋಲಿನ ಕಾರಣಗಳು

ಕೇಬಲ್ಲು ಒಂದೇ ದಿನದಲ್ಲಿ ಕೆಡುವುದಿಲ್ಲ. ಮಳೆಗಾಲದ ನೀರು ಔಟರಿನ ತುದಿಯಿಂದ ಒಳಗಿಳಿದು, ತಗ್ಗಾದ ಬಾಗಿನಲ್ಲಿ ನಿಂತು ತುಕ್ಕಾಗುತ್ತದೆ. ಹಳೆಯ ಗ್ರೀಸು ಧೂಳನ್ನು ಹೀರಿ ಗಟ್ಟಿಯಾಗುತ್ತದೆ. ಸೈಲೆನ್ಸರ್ ಕೊಳವೆಯ ಕಾವು ತಾಗುವಲ್ಲಿ ಉಳಿದ ಜಿಡ್ಡೂ ಒಣಗುತ್ತದೆ. ಬಂಡಿಯನ್ನು ದಿನವೂ ಓಡಿಸುವವರಿಗಿಂತ, ವಾರಗಟ್ಟಲೆ ನಿಲ್ಲಿಸಿ ಹಬ್ಬಕ್ಕೊಮ್ಮೆ ಹೊರತೆಗೆಯುವವರ ಕೇಬಲ್ಲೇ ಬೇಗ ಕೆಡುವುದಕ್ಕೆ ಇದೇ ಕಾರಣ. ಆಗ ಹಿಡಿಯನ್ನು ಎಳೆದರೆ ಬಾರದು, ಬಂದರೆ ಮರಳದು. ಮರಳದ ಬ್ರೇಕು ಡ್ರಮ್ಮನ್ನು ಉಜ್ಜುತ್ತ, ಸುಡುತ್ತ ಸಾಗುತ್ತದೆ.

“ಹ್ಯಾಂಡ್ ಬ್ರೇಕ್ ಹಿಡಿಯೋಲ್ಲ, ಗೇರಲ್ಲಿ ಹಾಕಿ ನಿಲ್ಸಿ” ಎಂಬ ಸಮಾಧಾನದ ಮಾತು ಸರ್ವತ್ರ ಕೇಳಿಬರುತ್ತದೆ. ಗೇರಿನಲ್ಲಿ ನಿಂತ ಬಂಡಿಯನ್ನು ಹಿಡಿಯುವುದು ಎಂಜಿನ್ನಿನೊಳಗಿನ ಗಾಳಿಯ ಒತ್ತಡ. ಪಿಸ್ಟನ್ನಿನ ಉಂಗುರಗಳು ಸವೆದ ಮುದಿ ಎಂಜಿನ್ನಿನಲ್ಲಿ ಆ ಒತ್ತಡವು ಕ್ಷಣಕ್ಷಣಕ್ಕೂ ಸೋರಿ ಹೋಗುವುದರಿಂದ, ಬಂಡಿಯು ಇಷ್ಟಿಷ್ಟೇ ಜರುಗಲು ಆಸ್ಪದವಾಗುತ್ತದೆ. ಮೇಲಾಗಿ ಟ್ರಾನ್ಸ್‌ಫರ್ ಕೇಸಿನ ಲಿವರು ನ್ಯೂಟ್ರಲ್ಲಿನಲ್ಲಿ ಇದ್ದುಬಿಟ್ಟರೆ ಗೇರಿನಿಂದ ಯಾವ ಪ್ರಯೋಜನವೂ ಇಲ್ಲ. ಲಾರಿಯ ಕ್ಲೀನರುಗಳು ಗಾಲಿಗೆ ಕಲ್ಲು ಕೊಡುವ ಪದ್ಧತಿಯು ಇದಕ್ಕಿಂತ ಎಷ್ಟೋ ಮೇಲು. ಆದರೆ ಕಲ್ಲು ಕೊಡುವುದು ಬ್ರೇಕಿಗೆ ಸಹಾಯವೇ ಹೊರತು ಬ್ರೇಕಿಗೆ ಬದಲಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯುಂಟು. ಹಿಡಿಯು ಬಹು ದೂರ ಬರತೊಡಗಿದರೆ ಕೇಬಲ್ಲು ಉದ್ದವಾಯಿತೆಂದು ಬಗೆದು, ತುದಿಯ ನಟ್ಟನ್ನು ಬಿಗಿಯುವುದೇ ವಾಡಿಕೆ. ಬಹುತೇಕ ಸಂದರ್ಭಗಳಲ್ಲಿ ಉದ್ದವಾದದ್ದು ಕೇಬಲ್ಲಲ್ಲ, ಸವೆದದ್ದು ಶೂವಿನ ಲೈನರು. ಹಾಗೆ ಬಿಗಿದ ಕೇಬಲ್ಲು ಲಿವರನ್ನು ಸದಾ ಅರೆ ಎಳೆದ ಸ್ಥಿತಿಯಲ್ಲಿಟ್ಟು, ಬ್ರೇಕು ಪೂರ್ತಿ ಬಿಡದಂತೆಯೂ ಪೂರ್ತಿ ಹಿಡಿಯದಂತೆಯೂ ಮಾಡುತ್ತದೆ. ಮೊದಲು ಶೂ, ಆಮೇಲೆ ಕೇಬಲ್ಲು: ಈ ಕ್ರಮವನ್ನು ಎಂದಿಗೂ ತಿರುಗುಮುರುಗು ಮಾಡಬಾರದು.

ಬದಲಾಯಿಸುವ ಕ್ರಮ

ಕೆಲಸವನ್ನು ಸಮತಟ್ಟಾದ, ಗಟ್ಟಿಯಾದ ನೆಲದ ಮೇಲೆಯೇ ಆರಂಭಿಸತಕ್ಕದ್ದು. ಮುಂದಿನ ಎರಡು ಗಾಲಿಗಳಿಗೂ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್ಲನ್ನು ಎರಡು ಕಡೆಗಳಲ್ಲಿಯೂ ಎತ್ತಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಜಾಕಿಯು ಎತ್ತುವುದಕ್ಕೆ ಇರತಕ್ಕದ್ದು, ಹೊತ್ತು ನಿಲ್ಲುವುದಕ್ಕಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಬೇಕಾದದ್ದರಿಂದ ಬ್ಯಾಟರಿಯ ತಂತಿಯನ್ನು ಬಿಚ್ಚಿಡುವುದು ಕ್ಷೇಮ. ಹಳೆಯ ಕೇಬಲನ್ನು ಬಿಚ್ಚುವ ಮುನ್ನ ಅದು ಎಲ್ಲಿ ಬಾಗುತ್ತದೆ, ಎಲ್ಲಿ ಕ್ಲಾಂಪಿಗೆ ಸಿಕ್ಕಿದೆ, ಸೈಲೆನ್ಸರ್ ಕೊಳವೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಚಿತ್ರ ತೆಗೆದೋ ಬರೆದೋ ಇಟ್ಟುಕೊಳ್ಳಬೇಕು.

ಲಿವರಿನ ತುದಿಗೆ ಕೇಬಲನ್ನು ಸೇರಿಸುವ ಪಿನ್ನು, ಹಲವು ವರ್ಷಗಳ ಕೆಸರು ತುಕ್ಕುಗಳಿಂದ ತನ್ನ ತೂತಿನಲ್ಲಿಯೇ ಬೆಸೆದುಕೊಂಡಂತಿರುತ್ತದೆ. ಹಿಂದಿನ ರಾತ್ರಿಯೇ ಅದಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿಟ್ಟು, ಮರುದಿನ ಸ್ಪ್ಲಿಟ್ ಪಿನ್ನಿನ ಕಾಲುಗಳನ್ನು ನೆಟ್ಟಗೆ ಮಾಡಿ ಎಳೆದು, ಪಿನ್ನನ್ನು ಹಗುರವಾಗಿ ತಟ್ಟಿ ಹೊರಡಿಸಬೇಕು. ಹೊರಬಂದ ಪಿನ್ನಿನ ನಡುವೆ ಬೆರಳಾಡಿಸಿದರೆ ಸವೆದು ಬಿದ್ದ ತಗ್ಗು ಉಗುರಿಗೆ ತಾಗುತ್ತದೆ. ಅಂಥ ಪಿನ್ನನ್ನು ಮರಳಿ ಹಾಕದೆ ಹೊಸದನ್ನೇ ಹಾಕುವುದು ಉಚಿತ. ಬಳಿಕ ಮರಳುವ ಸ್ಪ್ರಿಂಗನ್ನು ಕಳಚಿ, ಔಟರಿನ ಕ್ಲಾಂಪನ್ನು ಸಡಿಲಿಸಿ, ಡ್ಯಾಶ್‌ಬೋರ್ಡಿನ ಕಡೆಯ ನಟ್ಟುಗಳನ್ನು ಬಿಚ್ಚಿದರೆ ಕೇಬಲ್ಲು ಹಿಡಿಯ ಸಮೇತ ಹೊರಬರುತ್ತದೆ. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು, ಔಟರಿನ ಉದ್ದವನ್ನೂ ಎರಡು ತುದಿಗಳಲ್ಲಿ ಹೊರಗುಳಿಯುವ ಇನ್ನರಿನ ಉದ್ದವನ್ನೂ ಬೇರೆ ಬೇರೆಯಾಗಿ ಅಳೆದು ನೋಡಬೇಕು. ಒಟ್ಟು ಉದ್ದವು ಹೊಂದಿದ ಮಾತ್ರಕ್ಕೆ ಸಾಲದು.

ಕೇಬಲ್ಲು ಹೊರಗಿರುವಾಗ ಡ್ರಮ್ಮಿನ ಒಳಗನ್ನು ನೋಡದೆ ಬಿಡುವುದು ಅರ್ಧ ಕೆಲಸ. ಟ್ರಾನ್ಸ್‌ಫರ್ ಕೇಸಿನ ಹಿಂಭಾಗದ ಆಯಿಲ್ ಸೀಲು ಸವೆದಿದ್ದರೆ ಗೇರಿನೆಣ್ಣೆಯು ನೇರವಾಗಿ ಈ ಶೂಗಳ ಮೇಲೆಯೇ ಇಳಿಯುತ್ತದೆ. ಎಣ್ಣೆ ಕುಡಿದ ಲೈನರನ್ನು ಎಷ್ಟು ಹೊಸ ಕೇಬಲ್ಲಿನಿಂದ ಎಳೆದರೂ ಅದು ಜಾರುತ್ತದೆಯೇ ಹೊರತು ಹಿಡಿಯದು. ಸೀಲನ್ನೂ ಲೈನರನ್ನೂ ಬದಲಾಯಿಸಿದ ಮೇಲೆ ಶೂಗಳನ್ನು ಹೊಂದಿಸಬೇಕು. ಡ್ರಮ್ಮಿನ ಮುಖದಲ್ಲಿರುವ ತೂತುಗಳು ಒಳಗಿನ ಹಲ್ಲುಚಕ್ರಗಳಿಗೆ ಎದುರಾಗುವಂತೆ ಅದನ್ನು ತಿರುಗಿಸಿ, ತೂತಿನ ಅಂಚನ್ನೇ ಆನಿಕೆಯಾಗಿ ಮಾಡಿಕೊಂಡು, ಸ್ಕ್ರೂಡ್ರೈವರಿನ ಮೊನೆಯಿಂದ ಒಂದೊಂದು ಹಲ್ಲನ್ನೇ ಸರಿಸುತ್ತ ಶೂಗಳು ಡ್ರಮ್ಮಿಗೆ ಬಿಗಿಯಾಗಿ ತಾಗುವವರೆಗೆ ಹೋಗಿ, ಅಲ್ಲಿಂದ ಏಳು ಹಲ್ಲು ಹಿಂದಕ್ಕೆ ಬರಬೇಕೆಂಬುದು ವಿಲ್ಲಿಸ್ ಕಂಪನಿಯ ಕೈಪಿಡಿಯ ವಿಧಿ. ಪ್ರತಿ ಹಲ್ಲೂ ಸರಿದಾಗ ಬೆರಳಿಗೆ ಒಂದು ಸಣ್ಣ ತಟ್ಟು ತಿಳಿಯುತ್ತದೆ. ಕಣ್ಣಿಗೆ ಕಾಣದ ಅಂತರವನ್ನು ಬೆರಳು ಎಣಿಸುತ್ತದೆ.

ಕೊನೆಗೆ ಕೇಬಲನ್ನು ಗ್ರೀಸು ಹಚ್ಚಿ, ಹಳೆಯ ದಾರಿಯಲ್ಲಿಯೇ ಹಾಯಿಸಿ, ತಡೆಗೋಡೆಯ ತೂತಿಗೆ ರಬ್ಬರಿನ ಉಂಗುರವನ್ನು ಕೂರಿಸಿ, ಔಟರಿನ ತುದಿಗಳನ್ನು ಬಿಗಿದು, ಸ್ಪ್ಲಿಟ್ ಪಿನ್ನನ್ನು ಹೊಸದಾಗಿಯೇ ಹಾಕಬೇಕು. ಹಿಡಿಯನ್ನು ಬಿಟ್ಟಾಗ ಕೇಬಲ್ಲಿನಲ್ಲಿ ಅತಿ ಸ್ವಲ್ಪ ಸಡಿಲವಿರಬೇಕು. ಪರೀಕ್ಷೆಯನ್ನು ನಿರ್ಜನವಾದ ಸಣ್ಣ ಇಳಿಜಾರಿನಲ್ಲಿ ಮಾಡತಕ್ಕದ್ದು: ಚಾಲಕನು ಕಾಲಿನ ಬ್ರೇಕನ್ನು ಒತ್ತಿ, ಹಿಡಿಯನ್ನು ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಕಾಲನ್ನು ಮೆಲ್ಲನೆ ಎತ್ತಬೇಕು. ಬಂಡಿಯ ಮೂತಿ ಮೇಲಾಗಿರುವಾಗ ಒಮ್ಮೆ, ಕೆಳಗಾಗಿರುವಾಗ ಒಮ್ಮೆ, ಹೀಗೆ ಎರಡು ಬಾರಿ ನೋಡುವುದು ಅವಶ್ಯ. ಏಕೆಂದರೆ ಡ್ರಮ್ಮಿನ ಶೂಗಳ ಹಿಡಿತವು ತಿರುಗುವ ದಿಕ್ಕನ್ನು ಅನುಸರಿಸಿ ಬೇರೆಯಾಗಬಲ್ಲುದು.

ಊರೊಳಗಿನ ವಿದ್ಯೆ

ಈ ಕೆಲಸಕ್ಕೆ ಬೇಕಾದ ಸಾಮಗ್ರಿಯನ್ನು ಹುಡುಕಿ ದಕ್ಷಿಣ ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆ ಲಾಲ್‌ಬಾಗಿಗೆ ಸಮೀಪದಲ್ಲಿಯೇ ಇದೆ. ಸಿದ್ಧವಾದ ಕೇಬಲ್ಲು ದೊರೆಯದಿದ್ದರೆ, ಹಳೆಯದನ್ನು ಮಾದರಿಯಾಗಿ ಕೊಟ್ಟು ಅದರ ಅಳತೆಗೆ ಹೊಸದನ್ನು ಕಟ್ಟಿಸಿಕೊಳ್ಳುವುದುಂಟು. ಆದ್ದರಿಂದ ಹರಿದ ಕೇಬಲನ್ನು ಗುಜರಿಗೆ ಹಾಕುವ ಅವಸರ ಬೇಡ. ಕೇಬಲ್ಲಿನ ವಿದ್ಯೆಯೇ ಇಂದು ಬೆಂಗಳೂರಿನದಾಗಿದೆಯೆಂದರೆ ಅತಿಶಯೋಕ್ತಿಯಲ್ಲ. ಕೆ. ಅಜಿತ್ ಕುಮಾರ್ ರೈ ಅವರು 1985ರಲ್ಲಿ ಸ್ಥಾಪಿಸಿದ ಸುಪ್ರಜಿತ್ ಎಂಜಿನಿಯರಿಂಗ್ ಸಂಸ್ಥೆಯು, ಬಿ.ಟಿ.ಎಂ. ಬಡಾವಣೆಯಿಂದ ತೆಂಕಲಿಗೆ ಹೊಸೂರು ರಸ್ತೆಯಲ್ಲಿರುವ ಬೊಮ್ಮಸಂದ್ರವನ್ನು ನೆಲೆಯಾಗಿ ಮಾಡಿಕೊಂಡು, ಮೊದಮೊದಲು ಟಿವಿಎಸ್ ಮೊಪೆಡ್ಡುಗಳಿಗೆ ಕೇಬಲ್ಲು ಒದಗಿಸುತ್ತ, ಕ್ರಮೇಣ ಬೆಳೆದು, 2006ರಲ್ಲಿ ಇಂಗ್ಲೆಂಡಿನ ಗಿಲ್ಸ್ ಕೇಬಲ್ಸ್ ಸಂಸ್ಥೆಯನ್ನೂ 2016ರಲ್ಲಿ ಅಮೆರಿಕದ ವೆಸ್ಕಾನ್ ಕಂಟ್ರೋಲ್ಸ್ ಸಂಸ್ಥೆಯನ್ನೂ ತನ್ನದಾಗಿಸಿಕೊಂಡಿತು. ಬೌಡೆನ್ನನ ಕಲ್ಪನೆಯು ಬಳಕೆಗೆ ಬಂದ ದೇಶದ ಕೇಬಲ್ ಕಾರ್ಖಾನೆಯೊಂದು ಬೆಂಗಳೂರಿನವರ ಕೈ ಸೇರಿತೆಂಬುದು, ಸಣ್ಣ ವಸ್ತುವನ್ನು ದೊಡ್ಡ ಶ್ರದ್ಧೆಯಿಂದ ಮಾಡಿದವರಿಗೆ ದೊರೆತ ಗೌರವ.

ಹಳೆಯ ವಾಹನಗಳನ್ನು ಉಳಿಸುವ ಪ್ರಯತ್ನಕ್ಕೆ ಈಗ ಸರ್ಕಾರದ ಮನ್ನಣೆಯೂ ದೊರೆತಿದೆ. ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ ವಾಹನಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಲು 2021ರ ಜುಲೈಯಲ್ಲಿ ಕೇಂದ್ರವು ನಿಯಮಗಳನ್ನು ಪ್ರಕಟಿಸಿತು. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕಾರ್ಯಗಳಿಗಾಗಿ ಅವು ರಸ್ತೆಗಿಳಿಯಬಹುದು. ಶ್ರೀರಂಗಪಟ್ಟಣದ ಬಳಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸ್ಥಾಪಿಸಿದ ‘ಪಯಣ’ ಸಂಗ್ರಹಾಲಯಕ್ಕೆ ಕುಟುಂಬಸಮೇತ ಹೋಗಿ ಬಂದವರಲ್ಲಿ ಎಷ್ಟೋ ಮಂದಿಗೆ ತಮ್ಮ ತಂದೆಯ ಕಾಲದ ಬಂಡಿಯನ್ನು ಮತ್ತೆ ಎಬ್ಬಿಸಬೇಕೆಂಬ ಆಸೆ ಹುಟ್ಟಬಹುದು. ಆ ಆಸೆಯು ಮೆಚ್ಚತಕ್ಕದ್ದೇ. ಆದರೆ ಸಂಗ್ರಹಾಲಯದ ಬಂಡಿಯು ಸಮನೆಲದ ಮೇಲೆ ನಿಲ್ಲುತ್ತದೆ. ನಮ್ಮ ಬಂಡಿಯು ಜನ ಓಡಾಡುವ ಇಳಿಜಾರಿನ ಬೀದಿಯಲ್ಲಿ ನಿಲ್ಲುತ್ತದೆ. ಪುರಾತನವನ್ನು ಪೋಷಿಸುವ ಹಕ್ಕು ಅದರಿಂದ ಪರರಿಗೆ ಹಾನಿಯಾಗದಂತೆ ನೋಡಿಕೊಳ್ಳುವ ಕರ್ತವ್ಯವನ್ನು ಜೊತೆಯಲ್ಲಿಯೇ ತರುತ್ತದೆ. ಆದಕಾರಣ ಹಳೆಯ ಬಂಡಿಯ ಜೀರ್ಣೋದ್ಧಾರಕ್ಕೆ ಕೈಹಾಕಿದವರು ಬಣ್ಣಕ್ಕೂ ಸೀಟಿನ ಹೊದಿಕೆಗೂ ಹಣ ಕೊಡುವ ಮುನ್ನ ಅದರ ಕೆಳಗೆ ಒಮ್ಮೆ ನುಸುಳಿ ನೋಡಲಿ. ಪ್ರತಿ ವರ್ಷವೂ ಮುಂಗಾರಿಗೆ ಮುಂಚೆ ಕೇಬಲ್ಲನ್ನೂ ಪಿನ್ನನ್ನೂ ಸೀಲನ್ನೂ ಪರೀಕ್ಷಿಸುವ ನಿಯಮವನ್ನು ಇಟ್ಟುಕೊಳ್ಳಲಿ. ಜೀರ್ಣೋದ್ಧಾರದ ಮೊದಲ ರೂಪಾಯಿ ಈ ತಂತಿಗೇ ಸಲ್ಲತಕ್ಕದ್ದು.